ಅಳತೆ ಬ್ಲೌಸ್ ಯಾರದು ಸ್ವಾಮಿ?

ಇವರಿಗೆ,
ಮಾನ್ಯ ವ್ಯವಸ್ಥಾಪಕ ನಿರ್ದೇಶಕರು,
ಸ್ತ್ರೀಸೌಂದರ್ಯ ಮತ್ತು ಲೇಸರ್ ಚಿಕಿತ್ಸಾ ಕೇಂದ್ರ
(ಹೆಸರು ಬೇಡ, ತಮ್ಮಂಥವರು ಈಗ ಊರಿಗೆ ನಾಲ್ಕು ಮಂದಿ ಇದ್ದೀರಿ)

ವಿಷಯ: ಹೆಣ್ಣುಮಕ್ಕಳ ಒಳತುಟಿಯ ಸರಿಯಾದ ಅಳತೆ ತಿಳಿಸಿಕೊಡುವ ಬಗ್ಗೆ.
ಉಲ್ಲೇಖ: ಭಾನುವಾರದ ಪತ್ರಿಕೆಯೊಳಗಿಂದ ಬಿದ್ದ ತಮ್ಮ ಪಾಂಪ್ಲೆಟ್.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಮ್ಮ ಪಾಂಪ್ಲೆಟ್ಟನ್ನು ಒಂದಕ್ಷರ ಬಿಡದೆ ಓದಿದ್ದೇನೆ. ಕಾಗದ ಒಳ್ಳೆಯದಿದೆ. ಮೇಲುಗಡೆ ಒಂದು ಗುಲಾಬಿ ಮೊಗ್ಗು, ಅದರ ಮೇಲೆ ಇಬ್ಬನಿ. ಮೊದಲ ನೋಟಕ್ಕೆ ಯಾವುದೋ ಹೂಗಿಡದ ನರ್ಸರಿಯವರದು ಅಂದುಕೊಂಡೆ. ಕೆಳಗೆ ಬಂದಾಗ ವಿಷಯ ತಿಳಿಯಿತು: 'ಅಲ್ಲಿನ' ಹೆಚ್ಚುವರಿ ಚರ್ಮ, ಏರುಪೇರು, ಕಪ್ಪು ಬಣ್ಣ, ಎಲ್ಲಕ್ಕೂ ಒಂದೇ ಸೂರಿನಡಿ ಪರಿಹಾರ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾಡಿಸಿಕೊಂಡು ಆಫೀಸಿಗೆ ವಾಪಸ್ ಹೋಗಬಹುದು. ಮದುಮಗಳಿಗೆ ವಿಶೇಷ ಪ್ಯಾಕೇಜು. ಕಂತಿನಲ್ಲಿ ಕಟ್ಟುವ ಅನುಕೂಲವೂ ಇದೆ.

ತಮ್ಮ ಸೇವಾಮನೋಭಾವದ ಬಗ್ಗೆ ನನ್ನ ತಕರಾರೇನಿಲ್ಲ. ಒಂದೇ ಒಂದು ಅನುಮಾನ. 'ಹೆಚ್ಚುವರಿ' ಅಂದಿದ್ದೀರಿ. ಎಷ್ಟಕ್ಕಿಂತ ಹೆಚ್ಚು?

ನಾನು ಸರ್ಕಾರಿ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ಸಿಸೇರಿಯನ್ನಿಗೆ ಮುಂಚೆ ಶೇವ್ ಮಾಡುವುದು, ಕ್ಯಾತಿಟರ್ ಹಾಕುವುದು, ಡಾಕ್ಟರಮ್ಮ ಹೊಲಿಗೆ ಹಾಕುವಾಗ ಲೈಟು ತಿರುಗಿಸಿ ಹಿಡಿಯುವುದು, ಮಾರನೇ ದಿನ ಹೊಲಿಗೆ ಒಣಗಿದೆಯಾ ನೋಡುವುದು, ಇದೇ ನನ್ನ ಕೆಲಸ. ತಾವು ನಾಚಿಕೊಂಡು 'ಅಲ್ಲಿ' ಅಂದಿರಲ್ಲ, ಆ ಜಾಗವೇ ನನಗೆ ಅನ್ನ ಹಾಕಿದ್ದು. ಹಾಗಾಗಿ ನನಗೆ ನಾಚಿಕೆ ಸ್ವಲ್ಪ ಕಡಿಮೆ, ತಾವು ಸಹಿಸಿಕೊಳ್ಳಬೇಕು.

ಅಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಒಬ್ಬಳಿಗೆ ಒಳತುಟಿ ಹೊರತುಟಿಯೊಳಗೇ ಅಡಗಿರುತ್ತದೆ, ಬಿಡಿಸಿ ನೋಡಿದರಷ್ಟೇ ಕಾಣುತ್ತದೆ. ಪಕ್ಕದ ಮಂಚದವಳಿಗೆ ಅದು ಎರಡು ಬೆರಳಗಲ ಹೊರಗೇ ಬಂದಿರುತ್ತದೆ. ಎಡ ಉದ್ದ, ಬಲ ಗಿಡ್ಡ ಇರುವವರು ಧಾರಾಳ. ಕೆಲವರಿಗೆ ಅಂಚು ನುಣುಪು, ಕೆಲವರಿಗೆ ನೆರಿಗೆ ನೆರಿಗೆ. ಬಣ್ಣ ತಿಳಿಗೆಂಪಿನಿಂದ ಹಿಡಿದು ಕಂದು, ಕಡುನೇರಳೆ, ಕಪ್ಪಿನವರೆಗೆ. ಒಂದೇ ತುಟಿಯ ಅಂಚು ಕಪ್ಪಾಗಿ ಬುಡ ಕೆಂಪಾಗಿರುವುದು ತೀರಾ ಮಾಮೂಲು. ಚಂದ್ರನಾಡಿಯ (ಕ್ಲಿಟೊರಿಸ್) ತುದಿ ಕೆಲವರಲ್ಲಿ ಮೇಲಿನ ಮಡಿಕೆಯೊಳಗೆ ಪೂರ್ತಿ ಮುಚ್ಚಿರುತ್ತದೆ, ಕೆಲವರಲ್ಲಿ ಇಣುಕುತ್ತಿರುತ್ತದೆ. ಒಳತುಟಿಯ ಮೇಲೆ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆಗಳು ಬಹಳ ಹೆಂಗಸರಿಗೆ ಇರುತ್ತವೆ. ಅವು ಎಣ್ಣೆಯಂಶ ಒಸರುವ ಗ್ರಂಥಿಗಳು, ಗುಳ್ಳೆಯೂ ಅಲ್ಲ, ರೋಗವೂ ಅಲ್ಲ. ಇವರೆಲ್ಲರೂ ಗಟ್ಟಿಮುಟ್ಟಾದ ಹೆಂಗಸರು. ಎಲ್ಲರಿಗೂ ಮಕ್ಕಳಾದವು. ಇದನ್ನೆಲ್ಲ ದೋಷ ಅಂತ ಬರೆದುಕೊಳ್ಳಲು ನಮ್ಮ ಕೇಸ್ ಶೀಟಿನಲ್ಲಿ ಜಾಗವೇ ಇರಲಿಲ್ಲ. ಸರ್ಕಾರದ ಅಜ್ಞಾನ ಅಷ್ಟಿತ್ತು ನೋಡಿ.

ಹೊಸದಾಗಿ ಬಂದ ನರ್ಸಿಂಗ್ ಹುಡುಗಿಯರಿಗೆ ಮಾತ್ರ ಈ ವೈವಿಧ್ಯ ಮೊದಲ ದಿನವೇ ತಲೆನೋವು. ಒಂದು ಹುಡುಗಿ ಪರೀಕ್ಷೆಯಲ್ಲಿ ಒಳ್ಳೆಯ ಮಾರ್ಕು ತೆಗೆದವಳು, ಸಿಸೇರಿಯನ್ನಿಗೆ ಹೊರಟಿದ್ದ ಗರ್ಭಿಣಿಗೆ ಕ್ಯಾತಿಟರ್ ಹಾಕಲು ಕೂತಳು. ಗ್ಲೌಸ್ ಸರಿಯಾಗಿ ಹಾಕಿದ್ದಳು, ಸ್ಯಾವ್ಲಾನಿನಲ್ಲಿ ಮೇಲಿನಿಂದ ಕೆಳಕ್ಕೆ ಒರೆಸಿದ್ದೂ ಸರಿಯೇ. ಆಮೇಲೆ ಟ್ಯೂಬು ಕೈಯಲ್ಲಿ ಹಿಡಿದು ಸುಮ್ಮನೆ ಕೂತುಬಿಟ್ಟಳು. ಹಣೆಯಲ್ಲಿ ಬೆವರು. ಮೆಲ್ಲಗೆ, "ಸಿಸ್ಟರ್, ಮೂತ್ರದ್ವಾರ ಇಲ್ಲಿರಬೇಕಿತ್ತು, ಇಲ್ಲ" ಅಂದಳು. ಪುಸ್ತಕದ ಚಿತ್ರದಲ್ಲಿ ಅದು ಎಲ್ಲಿತ್ತೋ ಈಕೆಯಲ್ಲಿ ಅಲ್ಲಿರಲಿಲ್ಲ. ಇನ್ನೂ ಒಂದು ಇಂಚು ಕೆಳಗೆ, ಯೋನಿದ್ವಾರದ ಅಂಚಿಗೇ ಇತ್ತು. ಮಲಗಿದ್ದ ಗರ್ಭಿಣಿ ಕತ್ತೆತ್ತಿ, "ಯಾಕಮ್ಮಾ, ನಂಗೇನಾದ್ರೂ ತೊಂದ್ರೆ ಐತಾ?" ಅಂತ ಕೇಳಿದಳು. ನಾನು ಹುಡುಗಿಗೆ ಹೇಳಿದೆ, "ಪುಸ್ತಕ ಬಿಡು, ಮುಂದಿರೋರನ್ನ ನೋಡು."

ಆ ಹುಡುಗಿಯ ತಪ್ಪಿಲ್ಲ ಅನ್ನುವುದನ್ನು ಲಂಡನ್ನಿನವರು ಸ್ಕೇಲು ಹಿಡಿದು ತೋರಿಸಿದ್ದಾರೆ. 2005ರಲ್ಲಿ ಬ್ರಿಟನ್ನಿನ ಪ್ರಸೂತಿ ಶಾಸ್ತ್ರದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಬೇರೆ ಯಾವುದೋ ಆಪರೇಷನ್ನಿಗೆಂದು ಅರಿವಳಿಕೆ ಪಡೆದಿದ್ದ, ಮುಟ್ಟು ನಿಲ್ಲದ 50 ಹೆಂಗಸರನ್ನು ಒಪ್ಪಿಗೆ ಪಡೆದು ಅಳೆದದ್ದು. ಸ್ತ್ರೀರೋಗ ತಜ್ಞೆ ಡಾ. ಸಾರಾ ಕ್ರೈಟನ್ ಇದ್ದ ತಂಡ ಅದು. ಚಂದ್ರನಾಡಿಯಿಂದ ಮೂತ್ರದ್ವಾರಕ್ಕಿರುವ ದೂರ ಒಬ್ಬಳಲ್ಲಿ 16 ಮಿಲಿಮೀಟರ್ ಇದ್ದರೆ ಇನ್ನೊಬ್ಬಳಲ್ಲಿ 45. ಒಳತುಟಿಯ ಉದ್ದ 20ರಿಂದ 100 ಮಿಲಿಮೀಟರ್. ಅಗಲ 7ರಿಂದ 50. ಕೇವಲ ಐವತ್ತು ಜನರಲ್ಲಿ ಇಷ್ಟು! ಆ ಐವತ್ತರಲ್ಲಿ 41 ಮಂದಿಗೆ ಆ ಭಾಗದ ಬಣ್ಣ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿತ್ತು. ತಮ್ಮ ಪಾಂಪ್ಲೆಟ್ಟಿನ ಪ್ರಕಾರ ಲಂಡನ್ನಿಗೆ ಲಂಡನ್ನೇ ಚಿಕಿತ್ಸೆಗೆ ಬರಬೇಕು.

ಐವತ್ತು ಕಡಿಮೆಯಾಯಿತು ಅಂತ ತಾವು ಹೇಳಬಹುದು. ಸ್ವಿಟ್ಜರ್ಲೆಂಡಿನ ಲೂಸರ್ನ್ ಊರಿನ ಆಸ್ಪತ್ರೆಯವರಿಗೂ ಹಾಗೇ ಅನ್ನಿಸಿತೋ ಏನೋ, ಅವರು 15ರಿಂದ 84 ವಯಸ್ಸಿನ 657 ಜನರನ್ನು ಅಳೆದು 2018ರಲ್ಲಿ ಪ್ರಕಟಿಸಿದರು. ಗಡಿಯಾರದ ದೇಶದವರು, ಅಳತೆಯಲ್ಲಿ ಹೆಚ್ಚುಕಮ್ಮಿ ಮಾಡುವವರಲ್ಲ. ಒಳತುಟಿಯ ಅಗಲ ಒಂದು ಮಿಲಿಮೀಟರಿನಿಂದ 61 ಮಿಲಿಮೀಟರಿನವರೆಗೆ ಸಿಕ್ಕಿತು. ಉದ್ದ 5ರಿಂದ 100. ಸರಾಸರಿ ಅಂತ ಒಂದು ಸಂಖ್ಯೆ ಬಂದೇ ಬರುತ್ತದೆ, ಲೆಕ್ಕ ಹಾಕಿದರೆ ಬರದೆ ಎಲ್ಲಿ ಹೋಗುತ್ತದೆ? ಆದರೆ ಆ ಸಂಖ್ಯೆಯ ಆಚೆ ಈಚೆ ಇದ್ದವರಿಗೆಲ್ಲ ಏನೋ ಆಗಿದೆ ಅನ್ನಲು ಅವರಿಗೆ ಆಧಾರ ಸಿಗಲಿಲ್ಲ. ಇಂಥದ್ದು ಸಹಜ, ಇಂಥದ್ದು ಅಸಹಜ ಅಂತ ಗೆರೆ ಎಳೆಯುವ ಧೈರ್ಯ ಆ ಡಾಕ್ಟರುಗಳು ಮಾಡಲಿಲ್ಲ. ತಾವು ಮಾಡಿದ್ದೀರಿ. ಅದಕ್ಕೇ ಈ ಪತ್ರ ಅವರಿಗಲ್ಲ, ತಮಗೆ.

ನಮ್ಮಲ್ಲಿ ಟೈಲರ್ ಹತ್ತಿರ ಹೋಗುವಾಗ ಅಳತೆ ಬ್ಲೌಸ್ ಒಂದು ಚೀಲದಲ್ಲಿ ಒಯ್ಯುತ್ತೇವೆ. ಅದಕ್ಕೆ ತಕ್ಕಂತೆ ಅವನು ಕತ್ತರಿ ಹಾಕುತ್ತಾನೆ. ಆ ಬ್ಲೌಸ್ ನಮ್ಮದೇ ಆಗಿರುತ್ತದೆ ಅನ್ನುವುದು ಇಲ್ಲಿ ಮುಖ್ಯ. ಪಕ್ಕದ ಮನೆಯವಳ ಬ್ಲೌಸ್ ಕೊಟ್ಟು ನಮಗೆ ಹೊಲಿ ಅನ್ನುವುದಿಲ್ಲ, ಅದಕ್ಕೆ ಸರಿಹೊಂದುವಂತೆ ನಮ್ಮ ತೋಳನ್ನು ಒಂದಿಷ್ಟು ಕತ್ತರಿಸು ಅನ್ನುವುದಂತೂ ಇಲ್ಲವೇ ಇಲ್ಲ. ತಮ್ಮ ಹತ್ತಿರ ಇರುವ ಅಳತೆ ಬ್ಲೌಸ್ ಯಾರದು ಸ್ವಾಮಿ? ನಾನೂ ಸ್ವಲ್ಪ ಹುಡುಕಿದೆ. ವಾರಸುದಾರರು ಇಬ್ಬರು ಮೂವರು ಸಿಕ್ಕಿದ್ದಾರೆ.

ಒಬ್ಬರು ಆಸ್ಟ್ರೇಲಿಯಾದಲ್ಲಿ. ಅಲ್ಲಿ ಬಟ್ಟೆ ಕಡಿಮೆಯಿರುವ ಹೆಂಗಸರ ಪತ್ರಿಕೆಗಳಿಗೂ ಸರ್ಕಾರ ದರ್ಜೆ ಕೊಡುತ್ತದೆ. ಸೀಲು ಮಾಡದೆ ಅಂಗಡಿಯಲ್ಲಿ ತೂಗುಹಾಕಬೇಕಾದರೆ ಗುಪ್ತಾಂಗದ ವಿವರ ಹೆಚ್ಚು ಕಾಣಬಾರದು ಅನ್ನುವುದು ಅಲ್ಲಿನ ನಿಯಮ. ಒಳತುಟಿ ಹೊರಗೆ ಕಂಡರೆ ಅದು ಹೆಚ್ಚಿನ ವಿವರ. ಸರಿ, ಪತ್ರಿಕೆಯ ಕಂಪ್ಯೂಟರ್ ಮುಂದೆ ಕೂತ ಹುಡುಗರು ಮೌಸಿನಲ್ಲೇ ಒಳತುಟಿಗಳನ್ನು ಒರೆಸಿ, ಒಂದು ಗೆರೆ ಮಾತ್ರ ಉಳಿಸಿ ಮುದ್ರಣಕ್ಕೆ ಕಳಿಸಿದರು. 2010ರಲ್ಲಿ ಅಲ್ಲಿನ ಸರ್ಕಾರಿ ಟಿವಿಯ ಕಾರ್ಯಕ್ರಮವೊಂದು ಈ ಒರೆಸುವ ಕೆಲಸವನ್ನು ಇಡೀ ದೇಶಕ್ಕೆ ತೋರಿಸಿತು. ಯಾರದೋ ಅಶ್ಲೀಲತೆಯ ಭಯಕ್ಕೆ ಹುಟ್ಟಿದ ಗೆರೆ ಅದು. ಅದನ್ನು ನೋಡಿದ ಹುಡುಗಿಯರು ಹೆಣ್ಣಿನ ದೇಹವೇ ಹೀಗಿರುತ್ತದೆ ಅಂದುಕೊಂಡು ಡಾಕ್ಟರ ಬಾಗಿಲಿಗೆ ಬಂದರು. ಕೊನೆಗೆ 2013ರಲ್ಲಿ ವಿಕ್ಟೋರಿಯಾ ರಾಜ್ಯದ ಮಹಿಳಾ ಆರೋಗ್ಯ ಸಂಸ್ಥೆಯೊಂದು ತಿದ್ದದ ಫೋಟೋಗಳದೇ ಒಂದು ಸಂಗ್ರಹ ತೆರೆಯಬೇಕಾಯಿತು, ನಿಜ ಹೇಗಿರುತ್ತದೆ ಅಂತ ತೋರಿಸಲಿಕ್ಕೆ. ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಜೇಮಿ ಮೆಕಾರ್ಟ್ನಿ ಅನ್ನುವ ಶಿಲ್ಪಿ 400 ಹೆಂಗಸರ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಒಂದು ಗೋಡೆಯನ್ನೇ ನಿಲ್ಲಿಸಿದ್ದಾನೆ. ಒಂದರ ಹಾಗೆ ಒಂದಿಲ್ಲ. ತಮ್ಮ ಡಾಕ್ಟರುಗಳಿಗೆ ಪ್ರವಾಸ ಏರ್ಪಡಿಸಿದರೆ ಗೋಡೆಯ ಮುಂದೆ ನಿಲ್ಲಿಸಿ, 'ಇದರಲ್ಲಿ ಹೆಚ್ಚುವರಿ ಯಾವುದು, ಗುರುತು ಹಾಕಿ' ಅಂತ ಚಾಕ್‌ಪೀಸ್ ಕೊಡಬಹುದು.

ಎರಡನೇ ವಾರಸುದಾರ ನಮ್ಮವನೇ. ನೈಟ್ ಡ್ಯೂಟಿಯಲ್ಲಿ ಎಂಬಿಬಿಎಸ್ ಹುಡುಗರು ನಮ್ಮ ಟೇಬಲ್ಲಿನ ಮೇಲೆ ನ್ಯಾಯವೈದ್ಯಶಾಸ್ತ್ರದ ಪುಸ್ತಕ ಹರಡಿಕೊಂಡು ಓದುತ್ತಿದ್ದರು. ಅದರಲ್ಲೊಂದು ಪಟ್ಟಿ. ಎಡಗಡೆ ಕನ್ಯೆ, ಬಲಗಡೆ ಕನ್ಯೆಯಲ್ಲದವಳು. ಕನ್ಯೆಯ ಒಳತುಟಿ ಸಣ್ಣದು, ಮೃದು, ಗುಲಾಬಿ, ಹೊರತುಟಿಯೊಳಗೆ ಮುಚ್ಚಿಕೊಂಡದ್ದು. ಇನ್ನೊಬ್ಬಳದು ದೊಡ್ಡದು, ಕಪ್ಪು, ಹೊರಗೆ ಕಾಣುವಂಥದ್ದು. ಹುಡುಗರು ಇದನ್ನು ಗಿಳಿಪಾಠ ಒಪ್ಪಿಸಿ ಪಾಸಾಗುತ್ತಿದ್ದರು. ಆ ಪಟ್ಟಿಯ ಪ್ರಕಾರ ಮೂರನೇ ಹೆರಿಗೆಗೆ ಬಂದ ಕನ್ಯೆಯರು ನಮ್ಮ ವಾರ್ಡಿನಲ್ಲಿ ಸಾಕಷ್ಟು ಜನ ಇದ್ದರು. ನಾನು ಒಬ್ಬ ಹುಡುಗನಿಗೆ ಹೇಳಿಯೂ ಇದ್ದೆ, "ನಾಲ್ಕನೇ ಬೆಡ್ಡಿನೋಳು ನಿನ್ನ ಪುಸ್ತಕದ ಪ್ರಕಾರ ಕನ್ಯೆ ಕಣಪ್ಪ, ಹೋಗಿ ಅವಳ ಎರಡು ಮಕ್ಕಳಿಗೆ ತಿಳಿಸು" ಅಂತ. ಹುಡುಗ ನಕ್ಕ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿದ್ದುದನ್ನೇ ಬರೆದ.

ನಗುವ ವಿಷಯವಲ್ಲ, ನನಗೂ ಗೊತ್ತು. ಇಂಥ ಪಟ್ಟಿ ಓದಿ ಬಂದವರೇ ಮುಂದೆ ಕೋರ್ಟಿಗೆ ವರದಿ ಬರೆಯುತ್ತಿದ್ದರು. ಅತ್ಯಾಚಾರಕ್ಕೆ ಒಳಗಾದ ಹುಡುಗಿಯ ಚಾರಿತ್ರ್ಯವನ್ನು ಅವಳ ಮೈಯ ಆಕಾರದಿಂದ ಓದುವ ವಿದ್ಯೆ ಅದು. ಸೇವಾಗ್ರಾಮದ ವೈದ್ಯಕೀಯ ಕಾಲೇಜಿನ ಡಾ. ಇಂದ್ರಜಿತ್ ಖಾಂಡೇಕರ್ ಇದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲವೆಂದು ವರದಿ ಕೊಟ್ಟು ಬೆನ್ನು ಹತ್ತಿದರು. 2019ರಲ್ಲಿ ಮಹಾರಾಷ್ಟ್ರದ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಕನ್ಯತ್ವದ ಲಕ್ಷಣಗಳ ಪಾಠವನ್ನು ಪಠ್ಯದಿಂದ ತೆಗೆಯಲು ತೀರ್ಮಾನಿಸಿತು. 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು, ಅತ್ಯಾಚಾರಕ್ಕೆ ಒಳಗಾದವಳ ಯೋನಿಯೊಳಗೆ ಬೆರಳಿಟ್ಟು ನೋಡುವ 'ಎರಡು ಬೆರಳಿನ ಪರೀಕ್ಷೆ' ಮಾಡುವವರನ್ನು ದುರ್ನಡತೆಯ ತಪ್ಪಿತಸ್ಥರೆಂದೇ ಪರಿಗಣಿಸಲಾಗುವುದು ಅಂದಿತು, ಪಠ್ಯದಲ್ಲೂ ಇರಬಾರದು ಅಂದಿತು. ಇಷ್ಟಾದ ಮೇಲೂ 2024ರ ಆಗಸ್ಟ್ ಕೊನೆಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಹೊಸ ಪಠ್ಯಕ್ರಮದಲ್ಲಿ ಕನ್ಯಾಪೊರೆ, ಕನ್ಯತ್ವ ಎಲ್ಲ ಮತ್ತೆ ಬಂದು ಕೂತಿದ್ದವು. ಗಲಾಟೆಯಾಯಿತು, ಒಂದು ವಾರದೊಳಗೆ ಆ ಪಠ್ಯಕ್ರಮ ಹಿಂದಕ್ಕೆ ಹೋಯಿತು. ಪಾಪ, ಅಭ್ಯಾಸಬಲ.

ಈಗ ತಮ್ಮ ಪಾಂಪ್ಲೆಟ್ಟನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಸಣ್ಣದು, ಮೃದು, ಗುಲಾಬಿ, ಮುಚ್ಚಿಕೊಂಡದ್ದು. ಎಡಗಡೆಯ ಸಾಲಿಗೆ ತಾವು ದರಪಟ್ಟಿ ಸೇರಿಸಿದ್ದೀರಿ, ಅಷ್ಟೇ ವ್ಯತ್ಯಾಸ.

ಮೂರನೇ ವಾರಸುದಾರನದು ಸ್ವಲ್ಪ ಹಳೆಯ ಕಥೆ. ದಕ್ಷಿಣ ಆಫ್ರಿಕಾದ ಖೊಯ್‌ಖೊಯ್ ಸಮುದಾಯದ ಸಾರಾ ಬಾರ್ಟ್‌ಮನ್ ಎಂಬ ಹೆಣ್ಣುಮಗಳನ್ನು 1810ರಲ್ಲಿ ಲಂಡನ್ನಿಗೆ ತಂದು ಟಿಕೆಟಿಟ್ಟು ಪ್ರದರ್ಶನಕ್ಕೆ ನಿಲ್ಲಿಸಿದರು. ಆಮೇಲೆ ಪ್ಯಾರಿಸ್ಸಿಗೆ ಒಯ್ದರು. ಅವಳ ಜನರ ಒಳತುಟಿಗಳು ಉದ್ದವಂತೆ ಎಂಬ ಸುದ್ದಿ ಯುರೋಪಿನ ಪಂಡಿತರನ್ನು ನಿದ್ದೆಗೆಡಿಸಿತ್ತು. ಬದುಕಿದ್ದಾಗ ಆಕೆ ತೋರಿಸಲು ಒಪ್ಪಲಿಲ್ಲ. 1815ರ ಡಿಸೆಂಬರಿನಲ್ಲಿ ಆಕೆ ಸತ್ತಳು. ಆ ಕಾಲದ ಮಹಾನ್ ಜೀವವಿಜ್ಞಾನಿ ಜಾರ್ಜ್ ಕುವಿಯೆ ಆಕೆಯ ದೇಹವನ್ನು ಕೊಯ್ದು, ಮಿದುಳನ್ನೂ ಜನನಾಂಗವನ್ನೂ ಜಾಡಿಯಲ್ಲಿಟ್ಟ, ಅಳತೆ ಸಮೇತ ಪ್ರಬಂಧ ಬರೆದ. ಈ ಜನ ಮನುಷ್ಯರಲ್ಲಿ ಕೆಳಗಿನ ಮೆಟ್ಟಿಲು ಅನ್ನಲು ಅದೊಂದು ಪುರಾವೆಯಾಯಿತು. ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿ ಆಕೆಯ ಅವಶೇಷಗಳ ಪ್ರದರ್ಶನ 1970ರ ದಶಕದವರೆಗೂ ನಡೆಯಿತು. ಮಂಡೇಲಾ ಕೇಳಿದ ಮೇಲೂ ವರ್ಷಗಟ್ಟಲೆ ಎಳೆದಾಡಿ, 2002ರಲ್ಲಿ ಊರಿಗೆ ಕಳಿಸಿದರು, ಅಲ್ಲಿ ಮಣ್ಣಾದಳು.

ಅದೇ ಆಫ್ರಿಕಾದ ಉಗಾಂಡದಲ್ಲಿ ಗಂಡಾ ಜನರ ಹುಡುಗಿಯರಿಗೆ ಸೋದರತ್ತೆಯೇ ಗುರು. ಒಳತುಟಿಗಳನ್ನು ಎಳೆದೆಳೆದು ಉದ್ದ ಮಾಡಿಕೊಳ್ಳುವುದನ್ನು ಆಕೆ ಹೇಳಿಕೊಡುತ್ತಾಳೆ. ಉದ್ದವಿಲ್ಲದವಳು ಮದುವೆಗೆ ಸಿದ್ಧಳಲ್ಲ. ರುವಾಂಡದಲ್ಲೂ ಹೀಗೇ. ಎಳೆಯುವುದರಲ್ಲೂ ಒತ್ತಾಯ ಒತ್ತಾಯವೇ, ನಾನು ಅದರ ವಕೀಲಳಲ್ಲ. ಆದರೆ ವ್ಯಾಪಾರದ ದೃಷ್ಟಿಯಿಂದ ತಾವು ಯೋಚಿಸಬೇಕಾದ ವಿಷಯ: ಇಲ್ಲಿ ಕತ್ತರಿಸಿ ಎಸೆಯುವುದನ್ನು ಅಲ್ಲಿ ವರ್ಷಗಟ್ಟಲೆ ಬೆಳೆಸುತ್ತಿದ್ದಾರೆ. ಕಂಪಾಲಾದಲ್ಲಿ ಶಾಖೆ ತೆರೆದರೆ ಪಾಂಪ್ಲೆಟ್ಟಿನಲ್ಲಿ 'ಮೊದಲು', 'ನಂತರ' ಎರಡು ಪದ ಅದಲುಬದಲು ಮಾಡಿದರೆ ಸಾಕು, ಚಿತ್ರ ಅವೇ ನಡೆಯುತ್ತವೆ.

ಚಿತ್ರದ ಮಾತು ಬಂತು. ನಮ್ಮ ಬೀದಿಯ ಹುಡುಗಿಯೊಬ್ಬಳು, ಬೆಂಗಳೂರಿನಲ್ಲಿ ಕೆಲಸ, ರಜೆಗೆ ಬಂದವಳು ಒಂದು ಸಂಜೆ ನಮ್ಮ ಅಡುಗೆಮನೆಗೆ ಬಂದು ಕೂತಳು. ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಸುತ್ತಿ ಬಳಸಿ ಮಾತಾಡಿ, ಕೊನೆಗೆ ಫೋನು ಮುಂದೆ ಹಿಡಿದಳು. ತಮ್ಮ ಕ್ಲಿನಿಕ್ಕಿನವರು ಕಳಿಸಿದ 'ಮೊದಲು–ನಂತರ' ಚಿತ್ರಗಳು.

"ಆಂಟಿ, ನಂದು ಈ 'ಮೊದಲು' ಥರಾನೇ ಇದೆ."

"ನೋವಿದೆಯಾ?"

"ಇಲ್ಲ."

"ತುರಿಕೆ, ಉರಿ, ಗಾಯ?"

"ಏನೂ ಇಲ್ಲ."

"ಮತ್ತೇನಮ್ಮಾ ತೊಂದ್ರೆ?"

"ಆಷಾಢ ಕಳೆದ ಮೇಲೆ ಮದುವೆ ಆಂಟಿ."

ಕನ್ನಡಕ ಹಾಕಿಕೊಂಡು ಫೋನನ್ನು ಹತ್ತಿರ ಹಿಡಿದು ನೋಡಿದೆ. 'ಮೊದಲು' ಚಿತ್ರದಲ್ಲಿದ್ದವಳಿಗೆ ಏನೂ ಆಗಿರಲಿಲ್ಲ. ಒಳತುಟಿ ಒಂದು ಒಂದೂವರೆ ಇಂಚು, ಎಡಗಡೆಯದು ಸ್ವಲ್ಪ ಜಾಸ್ತಿ, ಅಂಚು ಕಂದು. ಅಂಥವರಿಗೆ ನಮ್ಮ ವಾರ್ಡಿನಲ್ಲಿ ನಾವು ಹೇಳುತ್ತಿದ್ದದ್ದು 'ಊಟ ಆಯ್ತಾ' ಅಂತ ಮಾತ್ರ. 'ನಂತರ' ಚಿತ್ರದಲ್ಲಿದ್ದವಳಿಗೆ ಆಗಿತ್ತು. ಎರಡು ಕಡೆ ಹೊಲಿಗೆಯ ಗುರುತು.

"ಹುಡುಗನಿಗೂ ಏನಾದ್ರೂ ಪ್ಯಾಕೇಜ್ ಇದೆಯಾ ಕೇಳಿದ್ಯಾ?" ಅಂದೆ. ಹುಡುಗಿ ಮೊದಲ ಸಲ ನಕ್ಕಳು. ಆಮೇಲೆ ಒಂದಷ್ಟು ವಿಷಯ ಹೇಳಿದೆ, ಅವಳು ಬಿಟ್ಟ ಕಣ್ಣು ಬಿಟ್ಟಂತೆ ಕೇಳಿದಳು. ಎಂಜಿನಿಯರಿಂಗ್ ಓದಿದವಳು, ಇದನ್ನು ಯಾರೂ ಹೇಳಿಯೇ ಇರಲಿಲ್ಲ. ಚಿಕ್ಕಂದಿನಲ್ಲಿ ಒಳತುಟಿ ಇದ್ದೂ ಇಲ್ಲದಂತಿರುತ್ತದೆ. ಮೈನೆರೆಯುವ ಕಾಲದಲ್ಲಿ ಎದೆ ಬೆಳೆದ ಹಾಗೆ ಅದೂ ಬೆಳೆಯುತ್ತದೆ, ಬಣ್ಣವೂ ಏರುತ್ತದೆ. ಎರಡು ಬದಿ ಒಂದೇ ವೇಗದಲ್ಲಿ ಬೆಳೆಯಬೇಕೆಂದೇನಿಲ್ಲ. ಬಸುರಿನಲ್ಲಿ ಇನ್ನೂ ಕಪ್ಪಾಗುತ್ತದೆ, ರಕ್ತ ತುಂಬಿ ದಪ್ಪವಾಗುತ್ತದೆ. ಮುಟ್ಟು ನಿಂತ ಮೇಲೆ ಹಾರ್ಮೋನು ಕಡಿಮೆಯಾಗಿ ತೆಳ್ಳಗಾಗುತ್ತದೆ. ಅದು ಬೇಡದ ಚರ್ಮವಲ್ಲ, ನರಗಳು ಒತ್ತಾಗಿರುವ ಜಾಗ. ಸುಖದ ಹೊತ್ತಿನಲ್ಲಿ ಅದೂ ರಕ್ತ ತುಂಬಿ ಉಬ್ಬುತ್ತದೆ. ಕತ್ತರಿಸಿದರೆ ಮತ್ತೆ ಬೆಳೆಯುವುದಿಲ್ಲ. ಗಾಯದ ಕಲೆ, ಎಳೆತ, ನೋವು, ಸ್ಪರ್ಶ ಕಡಿಮೆಯಾಗುವುದು ಇವೆಲ್ಲ ಆಗಬಹುದಾದ ಅಪಾಯಗಳು. ಇದು ತಮ್ಮ ಪಾಂಪ್ಲೆಟ್ಟಿನಲ್ಲಿ ಬಿಟ್ಟುಹೋಗಿದೆ. ಗುಲಾಬಿ ದೊಡ್ಡದಾಯಿತು, ಜಾಗ ಸಾಲದೆ ಬಂದಿರಬೇಕು.

ಆ ಹುಡುಗಿ ಒಬ್ಬಳೇ ಅಲ್ಲ. ಒಳತುಟಿ ಕಿರಿದು ಮಾಡಿ ಅಂತ ಲಂಡನ್ನಿನ ಆಸ್ಪತ್ರೆಗೆ ಬಂದ 33 ಮಂದಿಯನ್ನು ಅಳೆದು ಡಾ. ಕ್ರೈಟನ್ ಜೊತೆಯವರು 2011ರಲ್ಲಿ ಬರೆದರು. ಮೂವತ್ಮೂರಕ್ಕೆ ಮೂವತ್ಮೂರೂ ಸಹಜವಾದ ಅಳತೆಯೊಳಗೇ ಇದ್ದವರು. ಆಪರೇಷನ್ ಬೇಡವೆಂದು ತಿಳಿಹೇಳಿದರೂ ಹಲವರು ಬೇರೆ ಕಡೆ ಮಾಡಿಸಿಕೊಳ್ಳುತ್ತೇವೆ ಅಂತಲೇ ಹೊರಟರು. 2013ರಲ್ಲಿ ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು, 18 ತುಂಬದವರಿಗೆ ಈ ಸೌಂದರ್ಯದ ಆಪರೇಷನ್ ಮಾಡಬೇಡಿ ಅಂತ ಡಾಕ್ಟರುಗಳಿಗೆ ಹೇಳಬೇಕಾಯಿತು. ಬೆಳೆಯುತ್ತಿರುವುದನ್ನೇ ಕತ್ತರಿಸಲು ಹೊರಟಿದ್ದರು ಅಂತ ಅರ್ಥ.

ತಮ್ಮ ಯಂತ್ರದ ಬಗ್ಗೆಯೂ ಓದಿ ಸಂತೋಷಪಟ್ಟೆ. 'ಅಮೆರಿಕದ ತಂತ್ರಜ್ಞಾನ' ಅಂತ ದಪ್ಪಕ್ಷರದಲ್ಲಿದೆ. ಅದೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) 2018ರ ಜುಲೈನಲ್ಲಿ, ಯೋನಿಯನ್ನು 'ಪುನರ್ಯೌವನ'ಗೊಳಿಸುತ್ತೇವೆ ಅಂತ ಲೇಸರ್ ಮತ್ತಿತರ ಯಂತ್ರ ಬಳಸುವುದಕ್ಕೆ ತಾನು ಒಪ್ಪಿಗೆ ಕೊಟ್ಟಿಲ್ಲ, ಸುಟ್ಟಗಾಯ, ಕಲೆ, ನಿಲ್ಲದ ನೋವಿನ ದೂರುಗಳು ಬಂದಿವೆ ಅಂತ ಎಚ್ಚರಿಕೆ ಕೊಟ್ಟಿತ್ತು. ಅಂಚೆಯಲ್ಲಿ ತಮಗೆ ತಲುಪಿರಲಿಕ್ಕಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ ತಮ್ಮನ್ನೊಬ್ಬರನ್ನೇ ದೂರುವುದು ಅನ್ಯಾಯ. 2012ರಲ್ಲಿ ಟಿವಿಯಲ್ಲಿ ಒಂದು ಜಾಹೀರಾತು ಬರುತ್ತಿತ್ತು. ಹೆಂಡತಿಯ ಕಡೆ ಕಣ್ಣೆತ್ತಿಯೂ ನೋಡದೆ ಗಂಡ ಪೇಪರ್ ಓದುತ್ತಿರುತ್ತಾನೆ. ಅವಳು ಯಾವುದೋ ವಾಶ್ ಹಾಕಿ ತೊಳೆದುಕೊಳ್ಳುತ್ತಾಳೆ, ಕೆಳಗೆ ಬೆಳ್ಳಗಾಗುತ್ತದೆ, ಸಂಸಾರ ಸರಿಹೋಗುತ್ತದೆ. ಮುಖಕ್ಕೆ ಹಚ್ಚಿ ಹಚ್ಚಿ ಮುಗಿದ ಮೇಲೆ ದೇಶಕ್ಕೆ ಉಳಿದಿದ್ದ ಕಪ್ಪು ಜಾಗ ಅದೊಂದೇ ಅನ್ನಿಸುತ್ತದೆ. ಆ ಜಾಗದ ಚರ್ಮದಲ್ಲಿ ಬಣ್ಣ ಕೊಡುವ ಜೀವಕೋಶಗಳು ಹಾರ್ಮೋನಿಗೆ ಹೆಚ್ಚು ಸ್ಪಂದಿಸುತ್ತವೆ, ಆದ್ದರಿಂದ ಬೆಳ್ಳನೆಯ ಹೆಂಗಸಿಗೂ ಅಲ್ಲಿ ಕಪ್ಪು. ಮೊಲೆತೊಟ್ಟು ಕಪ್ಪಿರುವುದಕ್ಕೂ ಇದೇ ಕಾರಣ. ಕೊಳೆಯಲ್ಲ, ತೊಳೆದರೆ ಹೋಗಲು. ಉಜ್ಜಿ ಉಜ್ಜಿ, ಸಿಕ್ಕಿದ ಕ್ರೀಮು ಹಚ್ಚಿ, ಚರ್ಮ ಸುಲಿದುಕೊಂಡು ಒಪಿಡಿಗೆ ಬಂದವರನ್ನು ನೋಡಿದ್ದೇನೆ. ಅವರಿಗೆ ಕೆಂಪಾಗಿರುತ್ತಿತ್ತು. ಗುಲಾಬಿ ಅಂದರೆ ಗುಲಾಬಿಯೇ ಅನ್ನಿ.

ನಮ್ಮ ಹಿರಿಯರು ಈ ವಿಷಯದಲ್ಲಿ ಇಷ್ಟು ಬಡವರಾಗಿರಲಿಲ್ಲ. ವಾತ್ಸ್ಯಾಯನ ಹೆಂಗಸರನ್ನು ಮೃಗಿ, ವಡವಾ, ಹಸ್ತಿನಿ ಅಂತ ಮೂರು ಬಗೆ ಮಾಡಿದ. ಮೂರು ಕೂಡ ಸಾಲದು, ಆದರೂ ತಮ್ಮ ಒಂದಕ್ಕಿಂತ ವಾಸಿ. ಕನ್ನಡದಲ್ಲೇ 11ನೇ ಶತಮಾನದಲ್ಲಿ ಚಂದ್ರರಾಜ 'ಮದನತಿಲಕ' ಎಂಬ ಕಾಮಶಾಸ್ತ್ರದ ಗ್ರಂಥ ಬರೆದ. ಬಾದಾಮಿಯ ಮ್ಯೂಸಿಯಂನಲ್ಲಿ ಚಾಲುಕ್ಯರ ಕಾಲದ ಲಜ್ಜಾಗೌರಿ ಇದ್ದಾಳೆ. ತಲೆಯ ಜಾಗದಲ್ಲಿ ಕಮಲ, ಕಾಲುಗಳು ಅಗಲ. ಐಹೊಳೆ ಹತ್ತಿರದ ಸಿದ್ಧನಕೊಳ್ಳದಲ್ಲಿ ಮಕ್ಕಳಾಗದವರು ಇವತ್ತಿಗೂ ಅವಳ ಮುಂದೆ ಕೈಮುಗಿಯುತ್ತಾರೆ. ಇನ್ನು ನಮ್ಮ ಅಮ್ಮಂದಿರ ಕಾಲಕ್ಕೆ ಡಾ. ಅನುಪಮಾ ನಿರಂಜನ ಅವರು 'ಕೇಳು ಕಿಶೋರಿ', 'ದಾಂಪತ್ಯ ದೀಪಿಕೆ' ಬರೆದು, ಕೇಳಲಾರದ್ದನ್ನೆಲ್ಲ ಕೇಳುವ ಮೊದಲೇ ಕನ್ನಡದಲ್ಲಿ ಹೇಳಿಬಿಟ್ಟರು. ಆ ಪುಸ್ತಕಗಳು ತವರಿನ ಟ್ರಂಕಿನ ತಳದಲ್ಲಿ ಸೀರೆಯ ಕೆಳಗೆ ಇರುತ್ತಿದ್ದವು. ಈಗ ಟ್ರಂಕೂ ಇಲ್ಲ, ಪುಸ್ತಕವೂ ಇಲ್ಲ, ಫೋನು ಇದೆ, ಫೋನಿನಲ್ಲಿ ತಾವಿದ್ದೀರಿ.

ಒಂದು ಮಾತು ನೆಟ್ಟಗೆ ಹೇಳಿಬಿಡುತ್ತೇನೆ, ಇದರಲ್ಲಿ ವ್ಯಂಗ್ಯ ಹುಡುಕಬೇಡಿ. ಒಳತುಟಿಯಿಂದ ನಿಜಕ್ಕೂ ಕಷ್ಟಪಡುವವರಿದ್ದಾರೆ. ನಡೆದರೆ, ಸೈಕಲ್ ಹೊಡೆದರೆ ತಿಕ್ಕಿ ಗಾಯವಾಗುವವರು, ಹೆರಿಗೆಯಲ್ಲಿ ಹರಿದು ಅಡ್ಡಾದಿಡ್ಡಿ ಕೂಡಿಕೊಂಡವರು, ಹುಟ್ಟಿನಿಂದಲೇ ರಚನೆ ಬೇರೆಯಿದ್ದು ತೊಂದರೆಯಾದವರು. ಅವರಿಗೆ ಸ್ತ್ರೀರೋಗ ತಜ್ಞರಿದ್ದಾರೆ, ಅಗತ್ಯ ಬಿದ್ದರೆ ಆಪರೇಷನ್ನೂ ಇದೆ, ಅದು ಚಿಕಿತ್ಸೆ. ಹಾಗೆಯೇ ನಾಚಿಕೊಂಡು ಮನೆಯಲ್ಲೇ ಕೂರಬಾರದ ಸಂಗತಿಗಳಿವೆ: ಹೊಸದಾಗಿ ಬಂದ ಗಂಟು, ವಾಸಿಯಾಗದ ಹುಣ್ಣು, ಬಿಡದ ತುರಿಕೆ, ಚರ್ಮ ಬೆಳ್ಳಗೆ ತೆಳ್ಳಗಾಗಿ ಬಿರಿಯುವುದು, ಇದ್ದಕ್ಕಿದ್ದಂತೆ ಬಣ್ಣ ಬದಲಾದ ಮಚ್ಚೆ, ಮುಟ್ಟು ನಿಂತ ಮೇಲೆ ರಕ್ತ. ಬಿಳುಪಾಗುವುದು ಈ ಪಟ್ಟಿಯಲ್ಲಿದೆ ನೋಡಿ. ತಾವು ದುಡ್ಡು ತೆಗೆದುಕೊಂಡು ಮಾಡಿಕೊಡುವುದು ತಾನಾಗೇ ಆದರೆ ನಾವು ಡಾಕ್ಟರ ಹತ್ತಿರ ಓಡಬೇಕು. ಎಪ್ಪತ್ತು ವರ್ಷದ ಅಜ್ಜಿಯರು ತುರಿಕೆಯನ್ನು ವರ್ಷಗಟ್ಟಲೆ ಸೆರಗಿನಲ್ಲಿ ಮುಚ್ಚಿಟ್ಟು ಬಂದದ್ದನ್ನು ಕಂಡಿದ್ದೇನೆ. ಅವರಿಗೆ ಯಾರೂ ಪಾಂಪ್ಲೆಟ್ ಹಂಚುವುದಿಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣವೆಂದರೆ ತಾವು ಖಾಸಗಿಯವರು, ಆ ಕಾನೂನು ತಮಗೆ ತಾಗುವುದಿಲ್ಲ ಅಂದರು. ಹಾಗಾಗಿ ಬಹಿರಂಗ ಪತ್ರ. ಕೆಳಗಿನವನ್ನು ದಯಮಾಡಿ ತಿಳಿಸಿಕೊಡಬೇಕು. ಒಳತುಟಿ ಎಷ್ಟು ಮಿಲಿಮೀಟರಿಗೆ 'ಹೆಚ್ಚುವರಿ' ಆಗುತ್ತದೆ, ಆ ಅಂಕಿ ಎಲ್ಲಿಂದ ತಂದಿರಿ? ಅಳೆಯುವಾಗ ಎಳೆದು ಅಳೆಯುತ್ತೀರೋ, ಬಿಟ್ಟು ಅಳೆಯುತ್ತೀರೋ? ಎಡಬಲ ಸಮ ಮಾಡುವಾಗ ಯಾವುದಕ್ಕೆ ಯಾವುದನ್ನು ಸಮ ಮಾಡುತ್ತೀರಿ? ಇದುವರೆಗೆ ತಮ್ಮಲ್ಲಿಗೆ ಬಂದವರಲ್ಲಿ 'ನಿನಗೇನೂ ಆಗಿಲ್ಲ, ಮನೆಗೆ ಹೋಗಮ್ಮ' ಅಂತ ಎಷ್ಟು ಜನರನ್ನು ಕಳಿಸಿದ್ದೀರಿ?

ಕೊನೆಯದಾಗಿ, ಹಣದ ವಿಷಯ. ನಮ್ಮ ಬೀದಿಯ ಆ ಹುಡುಗಿ ಮದುಮಗಳ ಪ್ಯಾಕೇಜಿಗೆಂದು ತಮ್ಮಲ್ಲಿ ಮುಂಗಡ ಕಟ್ಟಿದ್ದಾಳೆ. ಬೇಡವೆಂದು ಫೋನು ಮಾಡಿದರೆ ತಮ್ಮ ಕೌಂಟರಿನ ಹುಡುಗಿ, ಮುಂಗಡ ವಾಪಸ್ ಕೊಡಲು ಬರುವುದಿಲ್ಲ, ಬೇಕಿದ್ದರೆ ಆ ಮೊತ್ತಕ್ಕೆ ಮುಖದ ಫೇಶಿಯಲ್ ಮಾಡಿಸಿಕೊಳ್ಳಿ ಅಂದಳಂತೆ. ಎರಡರ ನಡುವೆ ತಮಗೆ ಅಂಥ ವ್ಯತ್ಯಾಸವೇನೂ ಕಂಡಂತಿಲ್ಲ. ಮುಂಗಡ ಹಣವನ್ನು ಪೂರ್ತಿ ಹಿಂದಿರುಗಿಸಬೇಕಾಗಿ ವಿನಂತಿ. ಕಾರಣ, ತಾವೇ ಕೊಟ್ಟ ರಸೀದಿಯಲ್ಲಿ ಹೆಸರು, ವಯಸ್ಸು, ಮೊತ್ತ ಎಲ್ಲ ತುಂಬಿದ್ದೀರಿ, 'ಕಾಯಿಲೆ' ಅನ್ನುವ ಕಡೆ ಏನೂ ಬರೆದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸ್ಟಾಫ್ ನರ್ಸ್, ಹೆರಿಗೆ ವಾರ್ಡು

ಅಡಕ: ರಸೀದಿಯ ಜೆರಾಕ್ಸ್ ಪ್ರತಿ